ಎಂಜಿನ್ ಎತ್ತುವ ಮುನ್ನ ಒಂದು ಮಾತು

(ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಭಾಷಣದ ಬರಹ ರೂಪ)



ಹಾಡು, ಹರಟೆ, ಹಬ್ಬದಡುಗೆಯ ಮಾತುಗಳನ್ನು ಈ ವೇಳೆಯಲ್ಲಿ ನೀವು ಬೇಕಾದಷ್ಟು ಕೇಳಿದ್ದೀರಿ. ಇಂದಿನ ವಿಷಯ ಸ್ವಲ್ಪ ಬೇರೆ. ಹಳೆಯ ಕಾರಿನ ಎಂಜಿನ್ನನ್ನು ಯಾರ ಕೈಕಾಲಿಗೂ ಪೆಟ್ಟಾಗದಂತೆ ಮೇಲೆತ್ತಿ ಹೊರಗಿಡುವುದು ಹೇಗೆ ಎಂಬುದು ಇಂದಿನ ಮಾತು. ಇದೇನು ರೇಡಿಯೋದಲ್ಲಿ ಹೇಳುವ ವಿಷಯವೇ ಎಂದು ನಿಮಗೆ ಅನ್ನಿಸಬಹುದು. ಆದರೆ ನಮ್ಮ ಕೇಳುಗರಲ್ಲಿ ಟ್ಯಾಕ್ಸಿ ಓಡಿಸಿ ಮಕ್ಕಳನ್ನು ಓದಿಸಿದವರಿದ್ದಾರೆ. ಕುರ್ಲಾ, ಸಾಕಿನಾಕಾ, ಭಾಂಡುಪ್, ಥಾಣೆಯ ಗಾಲಾಗಳಲ್ಲಿ ಪಾನಾ ಹಿಡಿದು ದುಡಿಯುವವರಿದ್ದಾರೆ. ಅಪ್ಪ ಕೊಂಡ ಫಿಯೆಟ್ಟನ್ನು ಮಾರಲು ಮನಸ್ಸಾಗದೆ ಸೊಸೈಟಿಯ ಮೂಲೆಯಲ್ಲಿ ಹೊದಿಕೆ ಹಾಕಿ ಇಟ್ಟುಕೊಂಡವರೂ ಇದ್ದಾರೆ. ಈ ಮೂವರಿಗೂ ಇಂದಿನ ಮಾತು ಸಲ್ಲುತ್ತದೆ.

ಮುಂಬಯಿಯಲ್ಲಿ ಹಳೆಯ ಕಾರು ಎಂದರೆ ಕಣ್ಣ ಮುಂದೆ ಬರುವುದು ಪ್ರೀಮಿಯರ್ ಪದ್ಮಿನಿ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪೆನಿಯ ಕಾರ್ಖಾನೆ ನಮ್ಮ ಕುರ್ಲಾದಲ್ಲೇ ಇತ್ತು. ಇಟಲಿಯ ಫಿಯೆಟ್ ಕಂಪೆನಿಯ ಪರವಾನಗಿಯಲ್ಲಿ ಅಲ್ಲಿ ತಯಾರಾದ 1100 ಡಿಲೈಟ್ ಕಾರೇ ಎಪ್ಪತ್ತರ ದಶಕದಲ್ಲಿ ಮೊದಲು ಪ್ರೆಸಿಡೆಂಟ್, ಆಮೇಲೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯೆಟ್ಟೇ. ಒಂದು ಕಾಲಕ್ಕೆ ಈ ಊರಿನ ಕಾಲಿ-ಪೀಲಿ ಎಂದರೆ ಅದೇ. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ತಾಡ್‌ದೇವ್ ಆರ್‌ಟಿಒದಲ್ಲಿ ನೋಂದಣಿಯಾಯಿತು. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ ಕೊನೆಗೆ ಅದು ಬೀದಿಯಿಂದ ಸರಿಯಿತು. ಆ ದಿನ ಪತ್ರಿಕೆಗಳಲ್ಲಿ ಬಂದ ಚಿತ್ರ ನೋಡಿ ಕಣ್ಣೊರೆಸಿಕೊಂಡ ಹಿರಿಯರು ನಮ್ಮ ನಡುವೆಯೇ ಇದ್ದಾರೆ.

ಟ್ಯಾಕ್ಸಿ ಹೋದರೂ ಖಾಸಗಿ ಪದ್ಮಿನಿಗಳು ಇನ್ನೂ ಉಳಿದಿವೆ. ಪದ್ಮಿನಿ ಎಂಬ ಹೆಸರು ಹೊತ್ತ ಮೊದಲ ಕಾರುಗಳಿಗೆ ಈಗ 50 ವರ್ಷ ದಾಟಿದೆ. 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದ ಮೇಲೆ, 50 ವರ್ಷ ಮೀರಿದ, ಹೆಚ್ಚು ಮಾರ್ಪಾಡಾಗದ ಗಾಡಿಗಳನ್ನು ಪ್ರತ್ಯೇಕವಾಗಿ ನೋಂದಾಯಿಸಬಹುದಾಗಿದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ ಒಯ್ಯಬಹುದು. ಹೀಗಾಗಿ ಹೊದಿಕೆಯಡಿ ಮಲಗಿದ್ದ ಎಷ್ಟೋ ಕಾರುಗಳನ್ನು ಮಕ್ಕಳು, ಮೊಮ್ಮಕ್ಕಳು ಎಬ್ಬಿಸಲು ಹೊರಟಿದ್ದಾರೆ. ಸಂತೋಷದ ವಿಷಯ. ಆದರೆ ಹಳೆಯ ಕಾರನ್ನು ಎಬ್ಬಿಸುವುದೆಂದರೆ ಬಹುತೇಕ ಎಂಜಿನ್ ಕೆಳಗಿಳಿಸಿ ಬಿಚ್ಚುವುದೆಂದೇ ಅರ್ಥ. ನಮ್ಮ ಗ್ಯಾರೇಜಿನ ಭಾಷೆಯಲ್ಲಿ ಎಂಜಿನ್ ‘ಇಳಿಸುವುದು’ ಎನ್ನುತ್ತಾರೆ. ನಿಜದಲ್ಲಿ ಮೊದಲು ಅದನ್ನು ಎತ್ತಬೇಕು. ಅಪಾಯವೆಲ್ಲ ಇರುವುದು ಆ ಎತ್ತುವುದರಲ್ಲೇ.

ಪದ್ಮಿನಿಯ ಎಂಜಿನ್ 1089 ಸಿಸಿಯದು, ನಾಲ್ಕು ಸಿಲಿಂಡರಿನದು. ಇಂದಿನ ಕಾರುಗಳ ಎದುರು ಅದು ಚಿಕ್ಕದೇ. ಆದರೆ ಬೀಡು ಕಬ್ಬಿಣದ ಬ್ಲಾಕು. ಗೇರ್‌ಬಾಕ್ಸ್ ಸೇರಿಸಿದರೆ ನೂರು ಕಿಲೋ ಮೀರುತ್ತದೆ. ನೂರು ಕಿಲೋ ಅಕ್ಕಿ ಮೂಟೆಯಾದರೆ ಬಿದ್ದಲ್ಲಿ ಬಿದ್ದಿರುತ್ತದೆ. ತೂಗಾಡುವ ಕಬ್ಬಿಣ ಹಾಗಲ್ಲ. ಅದು ತಿರುಗುತ್ತದೆ, ವಾಲುತ್ತದೆ, ಜಾರುತ್ತದೆ. ಅದರ ಮತ್ತು ಕಾರಿನ ಗೋಡೆಯ ನಡುವೆ ಬೆರಳಿದ್ದರೆ ಬೆರಳು ಹೋಗುತ್ತದೆ.

ನನ್ನ ಸೋದರಮಾವ ಕುಂದಾಪುರದಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದವರು. ಹೊಟೇಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಒಂದು ಗ್ಯಾರೇಜಿನಲ್ಲಿ ಮಿಸ್ತ್ರಿಯಾದರು. ಅವರ ಎಡಗೈಯ ಎರಡು ಬೆರಳುಗಳು ಅರ್ಧಕ್ಕೇ ನಿಂತಿದ್ದವು. ನಾವು ಮಕ್ಕಳು ಕೇಳಿದಾಗ “ಇಲಿ ಕಚ್ಚಿತ್” ಎಂದು ನಗಿಸುತ್ತಿದ್ದರು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ನಿಜ ಹೇಳಿದರು. ತೆಂಗಿನ ನಾರಿನ ಹಗ್ಗದಲ್ಲಿ ಎಂಜಿನ್ ಕಟ್ಟಿದ್ದರಂತೆ. ಕತ್ತಲಾಗುವುದರೊಳಗೆ ಮುಗಿಸಬೇಕೆಂದು ಮಾಲೀಕನ ಅವಸರ. ಹಗ್ಗ ತುಂಡಾಗಲಿಲ್ಲ, ಸ್ವಲ್ಪ ಜಾರಿತು ಅಷ್ಟೆ, ನಾಲ್ಕು ಬೆರಳಗಲ. ಅಷ್ಟು ಸಾಕಾಯಿತು. “ಎಂಜಿನ್ ಎತ್ತುಕೆ ಬಲ ಬ್ಯಾಡ ಹೆಣೇ, ತಾಳ್ಮೆ ಸಾಕ್” ಎಂದು ಮಾವ ಹೇಳುತ್ತಿದ್ದರು. ನಿವೃತ್ತರಾಗುವವರೆಗೂ ಅವರು ಹುಡುಗರಿಗೆ ಕಲಿಸಿದ ಕ್ರಮವನ್ನೇ ಈಗ ನಿಮ್ಮ ಮುಂದಿಡುತ್ತೇನೆ. ಜೊತೆಗೆ ಇಂದಿನ ತಿಳಿವಳಿಕೆಯನ್ನೂ ಸೇರಿಸಿದ್ದೇನೆ.

ಮೊದಲ ಪ್ರಶ್ನೆ, ಎಂಜಿನ್ ಹೊರಗೆ ಬರಲೇಬೇಕೆ? ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ, ವಾಲ್ವ್ ಕೆಲಸವಿದ್ದರೆ ಹೆಡ್ ಮಾತ್ರ ಬಿಚ್ಚಿದರೆ ಸಾಕು. ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಿದರೆ ಆಯಿತು. ಸಿಲಿಂಡರ್ ಬೋರಿಂಗ್ ಮಾಡಿಸಬೇಕು, ಕ್ರ್ಯಾಂಕ್ ಗ್ರೈಂಡಿಂಗಿಗೆ ಕೊಡಬೇಕು ಎಂದಾಗ ಎತ್ತದೆ ಗತಿಯಿಲ್ಲ. ಬೇಡದ ಕೆಲಸಕ್ಕೆ ಎತ್ತದಿರುವುದೇ ಎಲ್ಲಕ್ಕಿಂತ ದೊಡ್ಡ ಸುರಕ್ಷತೆ.

ನೀರು ಹೊಕ್ಕ ಎಂಜಿನ್ನಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2005ರ ಜುಲೈ 26 ನಿಮಗೆ ನೆನಪಿದೆ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ. ನೀರಿಳಿದ ಮೇಲೆ ಎಷ್ಟೋ ಮಂದಿ ಕಾರಿಗೆ ಚಾವಿ ಹಾಕಿ ಸೆಲ್ಫ್ ಹೊಡೆದರು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಪಿಸ್ಟನ್ ಮೇಲೆ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಪ್ಲಗ್ ಬಿಚ್ಚಿ, ನೀರು ಹೊರಹಾಕಿ, ಆಯಿಲ್ ಬದಲಿಸಿದ್ದರೆ ಉಳಿಯಬಹುದಾಗಿದ್ದ ಎಂಜಿನ್ ಒಂದು ಚಾವಿ ತಿರುವಿನಿಂದ ಹೊರಗೆ ಬರಬೇಕಾಗುತ್ತದೆ. ಈಗಲೂ ಪ್ರತಿ ಮಳೆಗಾಲದಲ್ಲೂ ಹಿಂದ್‌ಮಾತಾ, ಮಿಲನ್ ಸಬ್‌ವೇ, ಕುರ್ಲಾದಲ್ಲಿ ನೀರು ನಿಂತಾಗ ಇದನ್ನು ನೆನಪಿಡಿ.

ಇನ್ನು ಜಾಗದ ಮಾತು. ನೆಲ ಗಟ್ಟಿಯಾಗಿರಬೇಕು, ಸಮತಟ್ಟಾಗಿರಬೇಕು. ಸೊಸೈಟಿಯ ಅಂಗಳದಲ್ಲಿ ಹಾಸಿದ ಪೇವರ್ ಬ್ಲಾಕು, ಗಟಾರದ ಮೇಲಿನ ಮುಚ್ಚಳ, ಇಳಿಜಾರು ರ್‍ಯಾಂಪು, ಇವು ಯಾವುವೂ ಈ ಕೆಲಸಕ್ಕೆ ಆಗವು. ಎಂಜಿನ್ ಕ್ರೇನಿನ ಚಕ್ರ ಅಂಗೈಯಗಲ ಇರುತ್ತದೆ. ಒಂದು ಚಕ್ರ ಸಂದಿಗೆ ಇಳಿದರೂ ತೂಗುವ ಭಾರ ಆ ಕಡೆ ವಾಲುತ್ತದೆ. ಮಳೆ ಬರುತ್ತಿದ್ದರೆ, ನೆಲದಲ್ಲಿ ಆಯಿಲ್ ಚೆಲ್ಲಿದ್ದರೆ ಒರೆಸಿ, ಒಣಗಿಸಿ ಆಮೇಲೆ ಆರಂಭಿಸಿ. ಕಟ್ಟಡದ ಮಕ್ಕಳು ನೋಡಲು ಬಂದು ಸುತ್ತುವರಿಯುತ್ತಾರೆ. ಅವರನ್ನು ಗದರಿಸಬೇಡಿ, ಒಂದು ಹಗ್ಗ ಕಟ್ಟಿ, ಅದರಾಚೆ ನಿಂತು ನೋಡಲು ಹೇಳಿ.

ಎತ್ತುವ ಸಾಧನ ಎರಡು ಬಗೆ. ಒಂದು, ಮೇಲಿನಿಂದ ತೂಗು ಹಾಕುವ ಚೈನ್ ಪುಲ್ಲಿ; ಕೆಲವರ ಬಾಯಲ್ಲಿ ಚೈನ್ ಕುಪ್ಪಿ. ಇನ್ನೊಂದು, ಹೈಡ್ರಾಲಿಕ್ ಜ್ಯಾಕಿನ ಬಲದಲ್ಲಿ ಕೈ ಚಾಚುವ ಚಕ್ರದ ಕ್ರೇನು.

ಚೈನ್ ಪುಲ್ಲಿ ಒಳ್ಳೆಯ ಸಾಧನವೇ. ಪ್ರಶ್ನೆ ಪುಲ್ಲಿಯದಲ್ಲ, ಅದನ್ನು ಯಾವುದಕ್ಕೆ ತೂಗು ಹಾಕಿದ್ದೀರಿ ಎಂಬುದು. ನಮ್ಮ ಗಾಲಾಗಳ ಛಾವಣಿಯ ಆಂಗಲ್ ಕಬ್ಬಿಣವನ್ನು ಕೂರಿಸಿದ್ದು ತಗಡಿನ ಭಾರ ಹೊರಲು, ಎಂಜಿನ್ನಿನ ಭಾರ ಹೊರಲು ಅಲ್ಲ. ಸಮುದ್ರದ ಗಾಳಿಗೆ ತುಕ್ಕು ಹಿಡಿದ ಆಂಗಲ್ ಹೊರಗೆ ಬಣ್ಣ ಬಳಿದು ಚೆಂದ ಕಾಣುತ್ತದೆ, ಒಳಗೆ ಪದರ ಪದರವಾಗಿ ಬಿಟ್ಟಿರುತ್ತದೆ. ಮರದ ಕೊಂಬೆಗೆ ಕಟ್ಟುವ ಅಭ್ಯಾಸವೂ ಇದೆ. ಕೊಂಬೆಯ ಒಳಗೆ ಹುಳ ತಿಂದಿದೆಯೋ ಇಲ್ಲವೋ ಹೊರಗಿನಿಂದ ಯಾರಿಗೆ ತಿಳಿಯುತ್ತದೆ? ಮೂರು ಕಾಲಿನ ತಿಪಾಯಿ ನಿಲ್ಲಿಸುವುದಾದರೆ ಮೂರೂ ಕಾಲುಗಳನ್ನು ಬುಡದಲ್ಲಿ ಸರಪಳಿಯಿಂದ ಒಂದಕ್ಕೊಂದು ಬಿಗಿಯಿರಿ. ಭಾರ ಬಿದ್ದಾಗ ಕಾಲುಗಳು ಹೊರಕ್ಕೆ ಜಾರಲು ನೋಡುತ್ತವೆ.

ಚಕ್ರದ ಕ್ರೇನಿನಲ್ಲಿ ಒಂದು ಗುಟ್ಟಿದೆ. ಅದರ ಮೇಲೆ ‘2 ಟನ್’ ಎಂದು ಬರೆದಿರುತ್ತದೆ. ತೋಳನ್ನು ಪೂರ್ತಿ ಒಳಗೆಳೆದಾಗ ಮಾತ್ರ ಅದು 2 ಟನ್ ಎತ್ತುತ್ತದೆ. ತೋಳನ್ನು ಪೂರ್ತಿ ಚಾಚಿದರೆ ಸಾಮಾನ್ಯವಾಗಿ ಅರ್ಧ ಟನ್ನಿಗೆ ಇಳಿಯುತ್ತದೆ. ತುಂಬಿದ ಚೀಲವನ್ನು ಎದೆಗೊತ್ತಿ ಹಿಡಿದಾಗ ಎಷ್ಟು ಹಗುರ, ಕೈ ಮುಂದೆ ಚಾಚಿ ಹಿಡಿದಾಗ ಎಷ್ಟು ಭಾರ ಎಂದು ನೀವೇ ನೋಡಿ, ಲೆಕ್ಕ ಅದೇ. ಪ್ರತಿ ತೂತಿನ ಪಕ್ಕದಲ್ಲೂ ಅಲ್ಲಿಯ ಮಿತಿ ಬರೆದಿರುತ್ತದೆ, ಓದಿಕೊಳ್ಳಿ. ಬಾಡಿಗೆಗೆ ತಂದ ಕ್ರೇನಾದರೆ ಮೊದಲು ಖಾಲಿ ಎತ್ತಿ ಹತ್ತು ನಿಮಿಷ ಬಿಡಿ. ತಾನಾಗಿ ಇಳಿಯುತ್ತಿದ್ದರೆ, ಜ್ಯಾಕಿನ ಬಳಿ ಎಣ್ಣೆ ಒಸರುತ್ತಿದ್ದರೆ ಹಿಂದಕ್ಕೆ ಕೊಟ್ಟುಬಿಡಿ.

ಈಗ ಬಿಚ್ಚುವ ಕೆಲಸ. ಅದಕ್ಕೂ ಮುಂಚೆ ಎಂಜಿನ್ ನಂಬರು, ಚಾಸಿಸ್ ನಂಬರುಗಳನ್ನು ಆರ್‌ಸಿ ಪುಸ್ತಕದೊಂದಿಗೆ ತಾಳೆ ನೋಡಿ. ಆರ್‌ಟಿಒದಲ್ಲಿ ತೆಗೆಯುವಂತೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡಿ. ಸಿಎಸ್‌ಟಿ ರಸ್ತೆಯ ಹಳೆ ಸಾಮಾನಿನ ಅಂಗಡಿಯಿಂದ ಬೇರೆ ಎಂಜಿನ್ ತಂದು ಕೂರಿಸುವ ಯೋಚನೆ ಇದ್ದರೆ, ಆರ್‌ಟಿಒ ದಾಖಲೆ ಬದಲಾಗದೆ ಅದು ನಿಮ್ಮದಾಗುವುದಿಲ್ಲ ಎಂಬುದು ತಿಳಿದಿರಲಿ.

ಬ್ಯಾಟರಿಯ ಅರ್ಥ್ ತಂತಿಯನ್ನು ಮೊದಲು ಬಿಚ್ಚಿ, ಆಮೇಲೆ ಇನ್ನೊಂದನ್ನು. ಅರ್ಥ್ ಇರುವಾಗ ಇನ್ನೊಂದು ತುದಿಯನ್ನು ಬಿಚ್ಚಲು ಹೋಗಿ ಪಾನಾ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಪೆಟ್ರೋಲಿನ ಹೊಗೆ ಇರುವಲ್ಲಿ ಒಂದೇ ಕಿಡಿ ಸಾಕು. ಪೆಟ್ರೋಲ್ ಪೈಪು ಬಿಚ್ಚಿದ ಕೂಡಲೇ ಬಾಯಿ ಮುಚ್ಚಿ. ಟಾಂಕಿಯಿಂದ ಪೆಟ್ರೋಲನ್ನು ಬಾಯಿಂದ ಎಳೆಯುವ ಹಳೆಯ ಅಭ್ಯಾಸ ಬೇಡವೇ ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ. ಬೀಡಿ, ಸಿಗರೇಟು ಹಗ್ಗದಾಚೆ. ಪೆಟ್ರೋಲಿನ ಬೆಂಕಿಗೆ ನೀರು ಹಾಕಿದರೆ ಬೆಂಕಿ ನೀರಿನ ಮೇಲೇ ತೇಲಿ ಹರಡುತ್ತದೆ. ಒಣಪುಡಿಯ ಅಗ್ನಿಶಾಮಕ ಒಂದನ್ನು ಕೈಗೆಟುಕುವಲ್ಲಿಡಿ, ಒಂದು ಬಕೆಟ್ ಮರಳನ್ನೂ ಇಡಿ.

ಟ್ಯಾಕ್ಸಿಯಾಗಿ ಓಡಿದ ಹಲವು ಪದ್ಮಿನಿಗಳಲ್ಲಿ ಸಿಎನ್‌ಜಿ ಕಿಟ್ ಇರುತ್ತಿತ್ತು. ಖಾಸಗಿ ಕಾರುಗಳಲ್ಲೂ ಕೆಲವರು ಹಾಕಿಸಿದ್ದಾರೆ. ಸಿಲಿಂಡರಿನಲ್ಲಿ ಗ್ಯಾಸಿನ ಒತ್ತಡ ಸುಮಾರು 200 ಬಾರ್, ಎಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಇನ್ನೂರು ಪಟ್ಟು. ಆ ಪೈಪನ್ನು ಸಾಮಾನ್ಯ ಮಿಸ್ತ್ರಿ ಬಿಚ್ಚುವಂತಿಲ್ಲ. ಸಿಲಿಂಡರಿನ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಗ್ಯಾಸ್ ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಆಮೇಲೆ ಅಧಿಕೃತ ಕಿಟ್ ಫಿಟ್ಟರನ್ನು ಕರೆಸಿ ಬಿಚ್ಚಿಸಿ. ಎಂಜಿನ್ ಓಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ವಾಲ್ವ್ ಮುಚ್ಚಿ, ಉಳಿದದ್ದನ್ನು ಫಿಟ್ಟರಿಗೇ ಬಿಡಿ.

ಎಂಜಿನ್ ತಣ್ಣಗಾದ ಮೇಲೆ ರೇಡಿಯೇಟರ್ ನೀರು, ಆಯಿಲ್ ಇಳಿಸಿ. ಬಾನೆಟ್ಟಿನ ಕೀಲುಗಳ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಇಬ್ಬರು ಹಿಡಿದು ತೆಗೆಯಿರಿ. ಮರಳಿ ಕೂರಿಸುವಾಗ ಆ ಗೆರೆ ನಿಮ್ಮ ಅರ್ಧ ದಿನ ಉಳಿಸುತ್ತದೆ. ರೇಡಿಯೇಟರ್ ತೆಗೆದರೆ ಮುಂದೆ ಜಾಗ ಸಿಗುತ್ತದೆ. ಡೈನಮೋ, ಸೆಲ್ಫ್, ಡೆಲ್ಕೋ, ಕಾರ್ಬುರೇಟರ್, ಒಂದೊಂದರ ತಂತಿಗೂ ಟೇಪು ಸುತ್ತಿ ಕನ್ನಡದಲ್ಲೇ ಅಂಕಿ ಬರೆಯಿರಿ. ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ. ಬಿಚ್ಚುವ ಮುನ್ನ ಒಂದೊಂದು ಫೋಟೋ ತೆಗೆದಿಡಿ. ಸೈಲೆನ್ಸರ್ ಪೈಪಿನ ನಟ್ಟುಗಳು ತುಕ್ಕು ಹಿಡಿದು ಕೂತಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಪೆಟ್ರೋಲ್ ಪೈಪಿರುವಲ್ಲಿ ಗ್ಯಾಸ್ ಕಟರ್ ತರಬೇಡಿ.

ಕಾರಿನ ಕೆಳಗೆ ಹೋಗಲೇಬೇಕಾದ ಕೆಲಸ ಕೆಲವಿದೆ. ಜ್ಯಾಕು ಎತ್ತುವುದಕ್ಕೆ ಮಾತ್ರ, ನಿಲ್ಲಿಸುವುದಕ್ಕಲ್ಲ. ಎತ್ತಿದ ಮೇಲೆ ಎರಡೂ ಬದಿಗೆ ಕಬ್ಬಿಣದ ಸ್ಟ್ಯಾಂಡ್ ಕೊಡಿ. ನಮ್ಮಲ್ಲಿ ಇಟ್ಟಿಗೆ, ಸಿಮೆಂಟ್ ಬ್ಲಾಕು ಪೇರಿಸಿ ಕಾರು ನಿಲ್ಲಿಸುವವರಿದ್ದಾರೆ. ದಪ್ಪ ಮರದ ತುಂಡು ಮುರಿಯುವ ಮುನ್ನ ಕಿರುಗುಟ್ಟುತ್ತದೆ. ಸಿಮೆಂಟ್ ಬ್ಲಾಕು ಸುಳಿವು ಕೊಡದೆ ಪುಡಿಯಾಗುತ್ತದೆ. ಇನ್ನೊಂದು ಮಾತನ್ನು ಬಹಳ ಮಂದಿ ಮರೆಯುತ್ತಾರೆ. ಪದ್ಮಿನಿ ಹಿಂದಿನ ಚಕ್ರದಿಂದ ಓಡುವ ಗಾಡಿ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಕ್ಷಣದಿಂದ ‘ಗೇರಿನಲ್ಲಿ ಹಾಕಿಟ್ಟಿದ್ದೇನೆ’ ಎಂಬ ಮಾತಿಗೆ ಅರ್ಥವಿಲ್ಲ. ಗೇರಿಗೂ ಚಕ್ರಕ್ಕೂ ಸಂಬಂಧವೇ ಕಡಿದಿರುತ್ತದೆ. ಆದ್ದರಿಂದ ಮೊದಲೇ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡ್ಡೆ ಕೊಡಿ.

ಗೇರ್‌ಬಾಕ್ಸ್ ಸಮೇತ ಎತ್ತಬೇಕೋ ಬಿಟ್ಟು ಎತ್ತಬೇಕೋ ಎಂಬುದರಲ್ಲಿ ಮಿಸ್ತ್ರಿಗಳಲ್ಲೇ ಎರಡು ಪಕ್ಷ. ಬಿಟ್ಟು ಎತ್ತುವುದಾದರೆ ಗೇರ್‌ಬಾಕ್ಸಿಗೆ ಕೆಳಗಿನಿಂದ ಆಧಾರ ಕೊಡಿ. ಇಲ್ಲವಾದರೆ ಅದರ ಶಾಫ್ಟ್ ಕ್ಲಚ್ ಪ್ಲೇಟಿನ ಮೇಲೆ ಜೋತುಬಿದ್ದು ಪ್ಲೇಟು ಬಾಗುತ್ತದೆ. ಎಂಜಿನ್ನನ್ನು ನೇರ ಮುಂದಕ್ಕೆ ಎಳೆದು, ಶಾಫ್ಟ್ ಪೂರ್ತಿ ಬಿಟ್ಟ ಮೇಲಷ್ಟೇ ಮೇಲಕ್ಕೆತ್ತಬೇಕು. ಸಮೇತ ಎತ್ತುವುದಾದರೆ ಭಾರ ಹೆಚ್ಚು, ಉದ್ದ ಹೆಚ್ಚು. ಮೂತಿ ಮೇಲೆ ಬಾಲ ಕೆಳಗೆ ಮಾಡಿ ಓರೆಯಾಗಿ ತೆಗೆಯಬೇಕಾಗುತ್ತದೆ. ಓರೆಯಾದಾಗ ಗೇರ್‌ಬಾಕ್ಸಿನ ಹಿಂಬದಿಯಿಂದ ಆಯಿಲ್ ಸುರಿದು ನೆಲ ಜಾರುತ್ತದೆ, ಮೊದಲೇ ಅದನ್ನು ಇಳಿಸಿಡಿ.

ಸರಪಳಿ ಕಟ್ಟುವಲ್ಲಿಗೆ ಬಂದೆವು. ಮಾವನ ಬೆರಳು ಹೋದದ್ದು ಇಲ್ಲೇ. ನಾರಿನ ಹಗ್ಗ ಬೇಡ, ನೈಲಾನ್ ಹಗ್ಗವೂ ಬೇಡ. ನೈಲಾನ್ ಎಳೆಯುತ್ತದೆ, ಗಂಟು ಜಾರುತ್ತದೆ, ಕಬ್ಬಿಣದ ಅಂಚಿಗೆ ತಗುಲಿ ಕೊಯ್ದುಹೋಗುತ್ತದೆ. ಭಾರ ಎತ್ತಲೆಂದೇ ಮಾಡಿದ, ತಡೆಯುವ ತೂಕ ನಮೂದಿಸಿದ ಸರಪಳಿ ಬಳಸಿ. ಅದನ್ನು ಬ್ಲಾಕಿಗೋ ಹೆಡ್ಡಿಗೋ ಗಟ್ಟಿ ಬೋಲ್ಟಿನಿಂದ, ದಪ್ಪ ವಾಷರ್ ಹಾಕಿ ಬಿಗಿಯಿರಿ. ಬೋಲ್ಟಿನ ತಲೆಯ ಮೇಲೆ 8.8 ಎಂದೋ ಅದಕ್ಕಿಂತ ಹೆಚ್ಚೋ ಇರಲಿ. ಬೋಲ್ಟ್ ಎರಡು ಸುತ್ತು ಹಿಡಿದರೆ ಸಾಲದು; ಕಡಿಮೆಯೆಂದರೂ ತನ್ನ ದಪ್ಪದಷ್ಟು ಆಳಕ್ಕೆ ಇಳಿಯಬೇಕು. ವಾಲ್ವ್ ಮುಚ್ಚಳ, ಕಾರ್ಬುರೇಟರಿನ ಮ್ಯಾನಿಫೋಲ್ಡ್, ವಾಟರ್ ಬಾಡಿ, ಇವಕ್ಕೆ ಸರಪಳಿ ಹಾಕಿ ಎತ್ತಿದರೆ ಅವೇ ಕಿತ್ತು ಬರುತ್ತವೆ.

ಸರಪಳಿಯ ಎರಡು ಎಳೆಗಳ ನಡುವಿನ ಕೋನಕ್ಕೂ ಲೆಕ್ಕವಿದೆ. ಊರಿನಲ್ಲಿ ಇಬ್ಬರು ಸೇರಿ ಒಂದು ಕೊಡಪಾನ ನೀರು ಹೊತ್ತದ್ದನ್ನು ನೆನೆಯಿರಿ. ಹತ್ತಿರ ಹತ್ತಿರ ನಡೆದರೆ ಹಗುರ. ದೂರ ದೂರ ಸರಿದರೆ ನೀರು ಅಷ್ಟೇ ಇದ್ದರೂ ತೋಳು ಕೀಳುತ್ತದೆ. ಸರಪಳಿಯೂ ಹಾಗೆಯೇ. ಎರಡು ಎಳೆಗಳ ನಡುವೆ 60 ಡಿಗ್ರಿ ಕೋನವಿದ್ದರೆ ಒಂದೊಂದು ಎಳೆಯ ಮೇಲೆ ಭಾರದ ಸುಮಾರು 58 ಭಾಗ ಬೀಳುತ್ತದೆ, ನೂರಕ್ಕೆ. 90 ಡಿಗ್ರಿಯಾದರೆ ಸುಮಾರು 71. 120 ಡಿಗ್ರಿಗೆ ಅಗಲಿಸಿದರೆ ಒಂದೊಂದು ಎಳೆಯೂ ಇಡೀ ಎಂಜಿನ್ನಿನ ಭಾರವನ್ನು ಹೊರಬೇಕಾಗುತ್ತದೆ. ಎತ್ತರ ಸಾಲದೆಂದು ಸರಪಳಿಯನ್ನು ಗಿಡ್ಡ ಮಾಡಿ ಚಪ್ಪಟೆಯಾಗಿ ಕಟ್ಟುವುದು ಇದೇ ಕಾರಣಕ್ಕೆ ಅಪಾಯ. ಕೊಕ್ಕೆ ಎಂಜಿನ್ನಿನ ತೂಕದ ನಡುವಿನ ನೇರಕ್ಕೆ ಬರಬೇಕು. ಗೇರ್‌ಬಾಕ್ಸ್ ಸೇರಿದಾಗ ಆ ನಡು ಹಿಂದಕ್ಕೆ ಸರಿಯುತ್ತದೆ ಎಂಬುದನ್ನು ಮರೆಯದಿರಿ.

ಎತ್ತುವ ಹೊತ್ತು ಬಂತು. ಚಪ್ಪಲಿ ಬಿಟ್ಟು ಬೂಟು ಹಾಕಿ. ಲುಂಗಿ ಬೇಡ, ಉಂಗುರ, ಕಡಗ ತೆಗೆದಿಡಿ. ಮೊದಲು ಸರಪಳಿ ಬಿಗಿಯಾಗುವಷ್ಟು ಮಾತ್ರ ಎಳೆಯಿರಿ. ಭಾರ ಸರಪಳಿಗೆ ಬಂದ ಮೇಲೆ ಫೌಂಡೇಶನ್ ಬೋಲ್ಟುಗಳನ್ನು, ಅಂದರೆ ಎಂಜಿನ್ ಕೂತಿರುವ ರಬ್ಬರಿನ ಬೋಲ್ಟುಗಳನ್ನು ಬಿಚ್ಚಿ. ಬಳಿಕ ಒಂದು ಅಂಗುಲ ಎತ್ತಿ ನಿಲ್ಲಿಸಿ. ಪೂರ್ತಿ ನಿಲ್ಲಿಸಿ. ಸುತ್ತ ನಡೆದು ಬ್ಯಾಟರಿ ದೀಪ ಹಾಕಿ ನೋಡಿ. ಅರ್ಥ್ ಪಟ್ಟಿ, ಸ್ಪೀಡೋಮೀಟರ್ ಕೇಬಲ್, ಕ್ಲಚ್ಚಿನ ಕೊಂಡಿ, ಸೈಲೆನ್ಸರ್ ಪೈಪು, ಇವುಗಳಲ್ಲಿ ಒಂದು ಎಲ್ಲೋ ಸಿಕ್ಕಿಕೊಂಡಿರುತ್ತದೆ. ಎಂಜಿನ್ ಜೊತೆ ಕಾರಿನ ಬಾಡಿಯೂ ಎದ್ದು ಬರುತ್ತಿದೆ ಎಂದರೆ ಏನೋ ಬಿಚ್ಚಿಲ್ಲ ಎಂದೇ ಅರ್ಥ. ಇನ್ನಷ್ಟು ಎಳೆದರೆ ಬಿಟ್ಟುಕೊಳ್ಳುತ್ತದೆ ಎನ್ನುವವನನ್ನು ಪಕ್ಕಕ್ಕೆ ಕೂರಿಸಿ. ಸಿಕ್ಕಿಕೊಂಡದ್ದು ಹಠಾತ್ತನೆ ಬಿಟ್ಟಾಗ ಎಂಜಿನ್ ಉಯ್ಯಾಲೆಯಾಗುತ್ತದೆ.

ತೂಗುವ ಎಂಜಿನ್ನಿನ ಕೆಳಗೆ ಕೈ, ಕಾಲು, ತಲೆ ಯಾವುದೂ ಹೋಗಬಾರದು. ಅದನ್ನು ತಿರುಗಿಸಬೇಕಾದರೆ ಮರದ ತುಂಡಿನಿಂದ ದೂಡಿ, ಬೆರಳಿನಿಂದ ಬೇಡ. ಕೆಳಗೆ ಬಿದ್ದ ನಟ್ಟು ಅಲ್ಲೇ ಇರಲಿ. ಎಂಜಿನ್ ಇಳಿದ ಮೇಲೆ ಹೆಕ್ಕಬಹುದು. ಬೀಳುತ್ತಿದೆ ಎನ್ನಿಸಿದರೆ ಹಿಡಿಯಲು ಹೋಗಬೇಡಿ, ಹಿಂದಕ್ಕೆ ಸರಿಯಿರಿ. ಕಬ್ಬಿಣ ಮತ್ತೆ ಸಿಗುತ್ತದೆ.

ಇಲ್ಲಿ ನನ್ನ ವೃತ್ತಿಗೆ ಸೇರಿದ ಒಂದು ಮಾತಿದೆ. ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿದರೆ ಯಾರು ಮಾತಾಡಬೇಕು, ಯಾರು ಸುಮ್ಮನಿರಬೇಕು ಎಂಬುದರಲ್ಲಿ ಗೊಂದಲವಿರುವುದಿಲ್ಲ. ಎಂಜಿನ್ ಎತ್ತುವಾಗಲೂ ಹಾಗೆಯೇ ಇರಬೇಕು. ಮುಂಬಯಿಯ ಗ್ಯಾರೇಜಿನಲ್ಲಿ ಒಬ್ಬ ತುಳು, ಒಬ್ಬ ಮರಾಠಿ, ಒಬ್ಬ ಭೋಜಪುರಿ, ಒಬ್ಬ ಕನ್ನಡ. ‘ಬಸ್’ ಎಂದರೆ ಒಬ್ಬನಿಗೆ ನಿಲ್ಲಿಸು. ಇನ್ನೊಬ್ಬನಿಗೆ ಆಯಿತು, ಕೈ ಬಿಡು! ಆರಂಭಿಸುವ ಮುನ್ನವೇ ಮೂರು ಪದ ಗೊತ್ತುಮಾಡಿಕೊಳ್ಳಿ: ಎತ್ತಲು ಒಂದು, ಇಳಿಸಲು ಒಂದು, ನಿಲ್ಲಿಸಲು ಒಂದು. ಎತ್ತು, ಇಳಿಸು ಎಂದು ಹೇಳುವವನು ಒಬ್ಬನೇ. ನಿಲ್ಲಿಸು ಎಂದು ಮಾತ್ರ ಯಾರು ಬೇಕಾದರೂ ಕೂಗಬಹುದು. ಚಹಾ ತಂದ ಹುಡುಗ ಕೂಗಿದರೂ ಎಲ್ಲರೂ ನಿಲ್ಲಬೇಕು. ಆ ಹತ್ತು ನಿಮಿಷ ಗ್ಯಾರೇಜಿನ ರೇಡಿಯೋವನ್ನು ಆರಿಸಿ. ಹೌದು, ನಮ್ಮ ಕಾರ್ಯಕ್ರಮ ಬರುತ್ತಿದ್ದರೂ ಆರಿಸಿ. ಹಾಡು ಇನ್ನೊಮ್ಮೆ ಕೇಳಬಹುದು, ಕೂಗು ಒಮ್ಮೆಯೇ ಕೇಳಬೇಕು.

ಎಂಜಿನ್ ಹೊರಬಂದೊಡನೆ ಕಾರಿನ ಮೂತಿ ಹಗುರಾಗಿ ಸ್ಪ್ರಿಂಗು ಮೇಲೇಳುತ್ತದೆ. ಅದಕ್ಕೆ ಯಾರೂ ಒರಗಿರಬಾರದು. ಸ್ಟ್ಯಾಂಡುಗಳು ಇನ್ನೂ ಸರಿಯಾಗಿ ಕೂತಿವೆಯೇ ಎಂದು ಮತ್ತೆ ನೋಡಿ. ಎತ್ತರಕ್ಕೆ ಎತ್ತಿದ ಎಂಜಿನ್ನಿನೊಂದಿಗೆ ಕ್ರೇನನ್ನು ಗಾಲಾದ ತುಂಬ ಓಡಾಡಿಸಬೇಡಿ. ಕಾರು ಚಕ್ರದ ಮೇಲಿದ್ದರೆ ಅಡ್ಡೆ ತೆಗೆದು ಕಾರನ್ನೇ ಹಿಂದಕ್ಕೆ ದೂಡಿ, ಎಂಜಿನ್ನನ್ನು ಮೊಣಕಾಲಿಗಿಂತ ಕೆಳಕ್ಕೆ ಇಳಿಸಿ, ಆಮೇಲೆ ನಿಧಾನವಾಗಿ ಸಾಗಿಸಿ. ಹೈಡ್ರಾಲಿಕ್ ಜ್ಯಾಕಿನ ಇಳಿಸುವ ತಿರುಪನ್ನು ಕೂದಲೆಳೆಯಷ್ಟು ತಿರುವಿದರೆ ಸಾಕು. ನೆಲದಲ್ಲಿ ಹಳೆಯ ಟೈರಿನ ಮೇಲೆ ಕೂರಿಸುವ ನಮ್ಮ ಗ್ಯಾರೇಜುಗಳ ಪದ್ಧತಿ ಒಳ್ಳೆಯದೇ. ವಾಲದಂತೆ ಮರದ ತುಂಡು ಕೊಡಿ. ತೂಗುತ್ತಿರುವಾಗಲೇ ಬಿಚ್ಚಲು ಶುರುಮಾಡಬೇಡಿ.

ಇಳಿಸಿದ ಕರಿ ಆಯಿಲನ್ನು ಗಟಾರಕ್ಕೆ ಸುರಿದರೆ ಅದು ಮಿಠಿ ನದಿಗೆ, ಅಲ್ಲಿಂದ ಮಾಹಿಮ್ ಖಾರಿಗೆ ಹೋಗುತ್ತದೆ. ಡಬ್ಬದಲ್ಲಿ ತುಂಬಿಟ್ಟು, ಪರವಾನಗಿ ಇದ್ದು ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.

ಗ್ಯಾರೇಜ್ ನಡೆಸುವ ನಮ್ಮ ಬಂಧುಗಳಿಗೆ ಎರಡು ಮಾತು. ಭಾರ ಎತ್ತುವ ಸರಪಳಿ, ಹಗ್ಗ, ಯಂತ್ರಗಳನ್ನು ತಿಳಿದವರಿಂದ 12 ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 29ನೆಯ ಕಲಮಿನಲ್ಲೇ ಬರೆದಿಟ್ಟಿದ್ದರು. ನಾಲ್ಕು ಜನರ ಗಾಲಾಕ್ಕೆ ಕಾನೂನು ತಟ್ಟಲಿ ಬಿಡಲಿ, ಕಬ್ಬಿಣಕ್ಕೆ ಜನರ ಲೆಕ್ಕ ಗೊತ್ತಿಲ್ಲ. ಪ್ರತಿ ದೀಪಾವಳಿಗೆ ಅಂಗಡಿ ಪೂಜೆ ಮಾಡುತ್ತೀರಿ. ಅದಕ್ಕೆ ಮುಂಚೆ ಸರಪಳಿಯ ಒಂದೊಂದು ಕೊಂಡಿಯನ್ನೂ ತಿಳಿದವರಿಂದ ನೋಡಿಸಿ. ಸವೆದ ಕೊಂಡಿ, ಬಾಯಿ ಅಗಲಿದ ಕೊಕ್ಕೆ ಕಂಡರೆ ಅದನ್ನು ಮೋಡಿಗೆ ಹಾಕಿ, ಅರಿಸಿನ ಕುಂಕುಮ ಹಚ್ಚಬೇಡಿ.

ಇನ್ನೊಂದು, ಹುಡುಗರ ವಿಷಯ. 14 ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕಿಡುವುದೇ ಅಪರಾಧ. 14 ದಾಟಿದವರನ್ನೂ 18ರ ವರೆಗೆ ಅಪಾಯದ ಕೆಲಸಗಳಿಗೆ ಹಚ್ಚುವುದನ್ನು 2016ರ ತಿದ್ದುಪಡಿ ತಡೆಯಿತು. ಗ್ಯಾರೇಜಿನಲ್ಲಿ ಚಿಕ್ಕ ಕೈ ಸಂದಿಯೊಳಗೆ ಸುಲಭವಾಗಿ ಹೋಗುತ್ತದೆ ಎಂದು ಹುಡುಗನನ್ನೇ ಕಳಿಸುವ ರೂಢಿ ಇತ್ತು. ನನ್ನ ಮಾವನ ಕೈ ಕೂಡ ಅಂದು ಹದಿನೇಳು ವರ್ಷದ ಕೈ. ಆ ಎರಡು ಬೆರಳಿಲ್ಲದೆ ಅವರು ನಲವತ್ತು ವರ್ಷ ದುಡಿದರು, ಮನೆ ಕಟ್ಟಿದರು, ತಂಗಿಯರ ಮದುವೆ ಮಾಡಿದರು. ಆದರೆ ಊರಿನಲ್ಲಿ ಕಲಿತಿದ್ದ ಮದ್ದಳೆಯನ್ನು ಮತ್ತೆ ಮುಟ್ಟಲಿಲ್ಲ. ಮುಂಬಯಿಗೆ ಯಕ್ಷಗಾನ ಮೇಳ ಬಂದಾಗಲೆಲ್ಲ ಹೋಗಿ ಮುಂದಿನ ಸಾಲಿನಲ್ಲಿ ಕೂತು ಮದ್ದಳೆಗಾರನ ಕೈಯನ್ನೇ ನೋಡುತ್ತಿದ್ದರು. ಪೆಟ್ಟೆಂದರೆ ಆಸ್ಪತ್ರೆಯ ಬಿಲ್ಲಷ್ಟೇ ಅಲ್ಲ ಕೇಳುಗರೇ.

ಏನಾದರೂ ಅವಘಡವಾದರೆ ಮಹಾರಾಷ್ಟ್ರದಲ್ಲಿ ಆಂಬುಲೆನ್ಸಿಗೆ 108, ಎಲ್ಲ ತುರ್ತಿಗೂ 112. ಈ ಎರಡು ಅಂಕಿಗಳನ್ನು ಗ್ಯಾರೇಜಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಜೊತೆಗೆ ನಿಮ್ಮ ಗಾಲಾದ ಪೂರ್ತಿ ವಿಳಾಸವನ್ನೂ ಬರೆಯಿರಿ. ಗಾಬರಿಯಲ್ಲಿ ಸ್ವಂತ ವಿಳಾಸವೂ ಬಾಯಿಗೆ ಬರುವುದಿಲ್ಲ.

ನಿಮ್ಮ ಮನೆಯ ಹಳೆಯ ಕಾರು ಮತ್ತೆ ಓಡಲಿ. ಅದನ್ನು ಓಡುವಂತೆ ಮಾಡಿದ ಕೈಗಳ ಹತ್ತೂ ಬೆರಳುಗಳು ಸಂಜೆಗೆ ಮನೆ ಸೇರಲಿ. ಈ ಮಾತಿಗೆ ಸೇರಿಸಬೇಕಾದದ್ದು ನಿಮ್ಮ ಅನುಭವದಲ್ಲಿದ್ದರೆ ನಮಗೆ ಬರೆದು ತಿಳಿಸಿ, ಮುಂದಿನ ಪತ್ರೋತ್ತರದಲ್ಲಿ ಓದುತ್ತೇವೆ.